ಬ್ರೆಜಿಲಿನ ಬೀಗರು

ಪಕ್ಕದ ಮನೆಯ ಅನನ್ಯಾಗೆ ಮೆನ್ಲೋ ಪಾರ್ಕಿನಲ್ಲಿ ಹೊಸದಾಗಿ ಕೆಲಸ ಸಿಕ್ಕಿದೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕ್ಯಾಲಿಫೋರ್ನಿಯಾದಲ್ಲಿ. ನಾನು ಕನ್ನಡದಲ್ಲಿ ಮಾತಾಡಿದರೆ ಪೂರ್ತಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಮೊನ್ನೆ ಬಂದು, "ಆಂಟಿ, ನನ್ನನ್ನ ಬ್ರೆಜಿಲ್ ಟೀಮಿಗೆ ಹಾಕಿದಾರೆ. ನೀವು ಅವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದೀರಂತೆ. ಏನು ಮಾಡಬೇಕು, ಏನು ಮಾಡಬಾರದು, ಐದು ಪಾಯಿಂಟಲ್ಲಿ ಹೇಳಿ" ಅಂದಳು. ನಾನು ಒಂದನೇ ಪಾಯಿಂಟು ಶುರು ಮಾಡಿ, ಕಾಫಿ ಮುಗಿಯುವಷ್ಟರಲ್ಲಿ ನಮ್ಮ ಅತ್ತೆಯ ಕೋಳಿ ಸಾರಿಗೆ ಬಂದು ನಿಂತಿದ್ದೆ. ಪಾಪ, ಅವಳು ಫೋನಿನಲ್ಲಿ ಬರೆದುಕೊಳ್ಳುವುದನ್ನು ಬಿಟ್ಟು ಸುಮ್ಮನೆ ಕೇಳುತ್ತ ಕೂತಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಪಾಯಿಂಟುಗಳೇ ಬೇಕಾದವರು ದಯವಿಟ್ಟು ಬೇರೆ ಕಡೆ ವಿಚಾರಿಸಿ.

ನಾನು ಮೈಸೂರಿನವಳು. ಮದುವೆಯಾಗಿ ಸೇರಿದ್ದು ಮಂಡ್ಯದ ಗೌಡರ ಮನೆಗೆ, ಗಂಡನ ಜೊತೆ ಬಂದಿಳಿದದ್ದು ಮಿಲ್ಪಿಟಾಸಿಗೆ. ಎಂಬತ್ತರ ದಶಕದಲ್ಲಿ ಅಲ್ಲೊಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರಾಗಿದ್ದೆ. ಟೆಲಿಫೋನ್ ಎಕ್ಸ್‌ಚೇಂಜಿಗೆ ಹಾಕುವ ಎಲೆಕ್ಟ್ರಾನಿಕ್ ಕಾರ್ಡು ಸರಿಯಾಗಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವ ಮೆಷಿನ್ನು ನಮ್ಮ ಸರಕು. ಮೆಷಿನ್ನು ಒಂದು ಗೋಡ್ರೆಜ್ ಬೀರುವಿನಷ್ಟು ದೊಡ್ಡದು, ಸ್ವಭಾವವೂ ಅಷ್ಟೇ ಬಿಗಿ.

ನನ್ನ ಬಾಸು ವಾಲ್ಟರ್. ನೆಬ್ರಾಸ್ಕಾದ ಜೋಳದ ಹೊಲದಿಂದ ಬಂದ ಎತ್ತರದ ಮನುಷ್ಯ. ಒಂಬತ್ತು ಗಂಟೆಯ ಮೀಟಿಂಗಿಗೆ ಎಂಟು ಐವತ್ತೈದಕ್ಕೆ ಬಂದವರನ್ನು ಒಳ್ಳೆಯವರು ಅಂತಲೂ, ಒಂಬತ್ತಕ್ಕೆ ಬಂದವರನ್ನು ಕ್ಷಮಿಸಬಹುದಾದವರು ಅಂತಲೂ ವಿಂಗಡಿಸುತ್ತಿದ್ದ. ಕೆಲಸದ ಜಾಗದಲ್ಲಿ ಮನೆ ಮಾತು ಕೂಡದು ಅನ್ನುವುದು ಅವನ ಧರ್ಮ. ನಾನು ಸೇರಿದ ಹೊಸತರಲ್ಲಿ "ಊಟ ಆಯ್ತಾ ವಾಲ್ಟರ್?" ಅಂತ ಕೇಳಿದೆ. ಊಟಕ್ಕೆ ಕರೆಯುತ್ತಿದ್ದೇನೆ ಅಂದುಕೊಂಡು ಕೋಟು ಹಾಕಿಕೊಂಡು ಬಂದುಬಿಟ್ಟ. ಅಂದಿನಿಂದ ಆ ಪ್ರಶ್ನೆ ಬಿಟ್ಟೆ. ಎದುರಿನವರಿಂದ ಒಂದು ತೋಳಿನಳತೆ ದೂರ ನಿಲ್ಲುವುದು, ಮಾತಿನ ಮಧ್ಯೆ ಬಾಯಿ ಹಾಕದಿರುವುದು, ಮಕ್ಕಳೆಷ್ಟು ಅಂತ ಕೇಳದಿರುವುದು, ಎಲ್ಲವನ್ನೂ ಕಷ್ಟಪಟ್ಟು ಕಲಿತೆ. ನನ್ನೊಳಗಿನ ಮೈಸೂರನ್ನು ಮಡಚಿ ಸೂಟ್‌ಕೇಸಿನಲ್ಲಿಟ್ಟೆ ಅನ್ನಿ.

ಅಷ್ಟರಲ್ಲಿ ವ್ಯಾಪಾರ ಬಿತ್ತು. ಬೇ ಏರಿಯಾ ಪೂರ್ತಿ ಕೆಟ್ಟ ಕಾಲ. ನಮ್ಮ ಅಸೆಂಬ್ಲಿ ಲೈನಿನ ಅರ್ಧ ಬೆಂಚುಗಳು ಖಾಲಿಯಾದವು. ಸಾಲ್ಡರಿಂಗ್ ಮಾಡುತ್ತಿದ್ದ ವಿಯೆಟ್ನಾಮಿನ ಹೆಂಗಸರು ಪ್ರತಿ ಶುಕ್ರವಾರ ನನ್ನ ಮುಖ ನೋಡುತ್ತಿದ್ದರು, ಮುಂದಿನ ವಾರ ಕೆಲಸ ಇದೆಯೋ ಇಲ್ಲವೋ ಅಂತ. ನನ್ನ ಗ್ರೀನ್ ಕಾರ್ಡಿನ ಅರ್ಜಿಯೂ ಇದೇ ಕಂಪನಿಯ ಮೂಲಕ ಹೋಗಿತ್ತು. ಕಂಪನಿ ಮುಚ್ಚಿದರೆ ಅರ್ಜಿಯೂ ಮುಚ್ಚಿದಂತೆ.

ಆಗ ಬ್ರೆಜಿಲಿನ ಕಂಪಿನಾಸ್ ಅನ್ನುವ ಊರಿನಿಂದ, ಟೆಲಿಫೋನ್ ಸಾಮಾನು ಮಾಡುವ ಒಂದು ಫ್ಯಾಕ್ಟರಿಯವರು ನಮ್ಮ ಮೆಷಿನ್ನಿನ ಬಗ್ಗೆ ವಿಚಾರಿಸಿ ಕಾಗದ ಕಳಿಸಿದರು. ವಾಲ್ಟರ್ ನನ್ನನ್ನು ಕರೆದು, "ಸುಮಿತ್ರಾ, ಇದು ನಿನ್ನದು" ಅಂದ.

"ನನಗೆ ಬ್ರೆಜಿಲ್ ಗೊತ್ತಿಲ್ಲ."

"ನೀನೂ ಹೊರದೇಶದವಳೇ ಅಲ್ಲವಾ?"

ಅವನ ಭೂಪಟದಲ್ಲಿ ಎರಡೇ ದೇಶ, ಒಂದು ಅಮೆರಿಕ, ಇನ್ನೊಂದು ಉಳಿದದ್ದು.

ಆಗೆಲ್ಲ ಟೆಲೆಕ್ಸಿನ ಕಾಲ. ಮೆಷಿನ್ನಿನ ಮುಂದೆ ಕೂತು ದಪ್ಪಕ್ಷರದಲ್ಲಿ ಟೈಪು ಮಾಡಿದರೆ ಸಮುದ್ರದಾಚೆ ಇನ್ನೊಂದು ಮೆಷಿನ್ನು ಅದನ್ನು ಕುಟ್ಟಿ ಕಾಗದಕ್ಕಿಳಿಸುತ್ತಿತ್ತು. ವಾಲ್ಟರನ ಟೆಲೆಕ್ಸು ಪೊಲೀಸ್ ಸ್ಟೇಷನ್ನಿನಿಂದ ಬಂದ ಸಮನ್ಸಿನ ಹಾಗಿರುತ್ತಿತ್ತು: "ಭೇಟಿಯ ದಿನಾಂಕ ತಿಳಿಸಿ." ಉತ್ತರವಿಲ್ಲ. "ಎರಡನೇ ಬಾರಿ ಕೇಳುತ್ತಿದ್ದೇವೆ." ಅದಕ್ಕೂ ಇಲ್ಲ. ಮೂರನೆಯದನ್ನು ಕಳಿಸುವ ಕೆಲಸ ನನಗೆ ಬಂತು. ಬೆರಳು ಅದೇಕೋ ತನ್ನಷ್ಟಕ್ಕೆ ಮೈಸೂರಿಗೆ ಹೋಯಿತು. "ನಿಮ್ಮ ಕಡೆ ಈಗ ಬೇಸಿಗೆಯಂತೆ, ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ಚಳಿ. ಬರುವಾಗ ಸ್ವೆಟರ್ ತನ್ನಿ. ಯಾವಾಗ ಬರುತ್ತೀರಿ?" ಮಾರನೆಯ ದಿನವೇ ಒಂದು ಗೇಣುದ್ದದ ಉತ್ತರ ಬಂತು. ಎಲ್ಲರೂ ಚೆನ್ನಾಗಿದ್ದಾರೆ, ದೋನ ತೆರೇಜಾ ಅವರ ಮಗಳು ಕಾಲೇಜು ಸೇರಿದ್ದಾಳೆ, ಮಾವಿನಹಣ್ಣು ಬಂದಿದೆ, ಸ್ವೆಟರ್ ಹುಡುಕುತ್ತಿದ್ದೇವೆ, ಮುಂದಿನ ತಿಂಗಳು ಬರುತ್ತೇವೆ. ವಾಲ್ಟರ್ ಅದನ್ನು ಎರಡು ಸಲ ಓದಿ, "ಇದರಲ್ಲಿ ವ್ಯವಹಾರದ ಮಾತು ಒಂದೇ ಸಾಲು" ಅಂದ. ಆ ಒಂದು ಸಾಲಿಗೆ ಮಿಕ್ಕಿದ್ದೆಲ್ಲ ಟಿಕೆಟ್ಟು ಅಂತ ಅವನಿಗೆ ಆಗ ಗೊತ್ತಾಗಲಿಲ್ಲ.

ಅವರು ಬರುವ ದಿನಕ್ಕಾಗಿ ವಾಲ್ಟರ್ ಗುಟ್ಟಾಗಿ ಒಂದು ತಯಾರಿ ಮಾಡಿಕೊಂಡಿದ್ದ. ಬಾಗಿಲಲ್ಲೇ ನಿಂತು, ಕನ್ನಡಿ ಮುಂದೆ ಅಭ್ಯಾಸ ಮಾಡಿದ ಸ್ಪ್ಯಾನಿಷಿನಲ್ಲಿ ಗಟ್ಟಿಯಾಗಿ ಸ್ವಾಗತ ಹೇಳಿದ. ಬ್ರೆಜಿಲಿನವರ ಭಾಷೆ ಪೋರ್ಚುಗೀಸು. ಬೆಂಗಳೂರಿನವರನ್ನು ಬರಮಾಡಿಕೊಳ್ಳಲು ಒಬ್ಬ ಕಷ್ಟಪಟ್ಟು ತೆಲುಗು ಕಲಿತ ಹಾಗಾಯಿತು. ಬಂದಿದ್ದ ಹೆಂಗಸು ನಕ್ಕು ಚೆಂದದ ಇಂಗ್ಲಿಷಿನಲ್ಲಿ, "ಎಷ್ಟು ಸೊಗಸಾಗಿ ಮಾತಾಡುತ್ತೀರಿ! ನಮ್ಮ ನೆರೆಯವರಿಗೆ ಬಹಳ ಸಂತೋಷವಾಗುತ್ತಿತ್ತು" ಅಂದರು.

ಅವರೇ ದೋನ ತೆರೇಜಾ, ಆ ಫ್ಯಾಕ್ಟರಿಯ ಮುಖ್ಯ ಎಂಜಿನಿಯರು. ದುಂಡಗೆ, ಗಿಡ್ಡಗೆ, ಕೊರಳಲ್ಲಿ ಸರಕ್ಕೆ ಕಟ್ಟಿದ ಕನ್ನಡಕ. ದೋನ ಅಂದರೆ ನಮ್ಮ 'ಅಮ್ಮ' ಇದ್ದ ಹಾಗೆ, ಹೆಸರಿಗೆ ಗೌರವದ ಜೋಡಣೆ. ಜೊತೆಗೆ ಅವರ ಕೈಕೆಳಗಿನ ಎಂಜಿನಿಯರು ಪೌಲೊ, ಮೀಸೆಯ ನಗುಮುಖದ ಆಸಾಮಿ. ಮನೆತನದ ಹೆಸರನ್ನು ಅವರು ಕೇಳಲೇ ಇಲ್ಲ. ನಾನು ದೋನ ಸುಮಿತ್ರಾ ಆದೆ, ವಾಲ್ಟರ್ ದೊತೋರ್ ವಾಲ್ತೆರ್ ಆದ. ಡಾಕ್ಟರೇಟು ಇಲ್ಲದ ವಾಲ್ಟರ್ ಅದನ್ನು ತಿದ್ದಲು ಹೋದ. "ಇರಲಿ ಬಿಡಿ, ನಿಮ್ಮ ಮುಖಕ್ಕೆ ಒಪ್ಪುತ್ತದೆ" ಅಂದರು ತೆರೇಜಾ.

ಅವರು ನನ್ನ ಎರಡೂ ಭುಜ ಹಿಡಿದು ಕೆನ್ನೆಗೆ ಕೆನ್ನೆ ತಾಗಿಸಿ ಗಾಳಿಗೆ ಒಂದು ಮುತ್ತಿಟ್ಟರು. ನಾನು ಇನ್ನೊಂದು ಕೆನ್ನೆ ಕೊಡಬೇಕೋ ಬೇಡವೋ ತಿಳಿಯದೆ ಅವರ ಕನ್ನಡಕಕ್ಕೆ ಮೂಗು ಕೊಟ್ಟೆ. ಅವರ ಊರಲ್ಲಿ ಒಂದು, ರಿಯೋದಲ್ಲಿ ಎರಡು, ಇನ್ನೆಲ್ಲೋ ಮೂರು ಅಂತೆ. ಗೊತ್ತಿಲ್ಲದಿದ್ದರೆ ಎದುರಿನವರು ನಿಲ್ಲಿಸುವ ತನಕ ಅಲ್ಲಾಡದೆ ನಿಂತಿರಬೇಕು. ಇದನ್ನು ಅನನ್ಯಾ ಬರೆದುಕೊಂಡಳು.

ಮೀಟಿಂಗು ರೂಮಿನಲ್ಲಿ ಪೌಲೊ ವಾಲ್ಟರನ ತೀರ ಹತ್ತಿರ ನಿಂತು ಮಾತಾಡುತ್ತಿದ್ದ. ವಾಲ್ಟರ್ ಒಂದು ಹೆಜ್ಜೆ ಹಿಂದೆ ಸರಿದ. ಪೌಲೊ, ಪಾಪ ಕೇಳಿಸುತ್ತಿಲ್ಲವೇನೋ ಅಂದುಕೊಂಡು ಒಂದು ಹೆಜ್ಜೆ ಮುಂದೆ ಬಂದ. ಹೀಗೇ ಇಬ್ಬರೂ ರೂಮಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಲುಪಿದರು. ಕೊನೆಗೆ ವಾಲ್ಟರನ ಬೆನ್ನು ಸ್ವಿಚ್ಚಿಗೆ ತಾಗಿ ದೀಪ ಆರಿತು.

ನನಗಂತೂ ಹಬ್ಬ. ಎಲ್ಲರೂ ಒಟ್ಟಿಗೆ ಮಾತಾಡುವುದು, ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುವುದು, ನಮ್ಮ ಮನೆಯ ಪಡಸಾಲೆಯೇ ಸರಿ. ಮಾತಿನ ಚಾಳಿಯಲ್ಲೂ ನೆಂಟಸ್ತಿಕೆ ಸಿಕ್ಕಿತು. ನಾವು ಇಂಗ್ಲಿಷ್ ಪದದ ಬಾಲಕ್ಕೆ 'ಉ' ಕಟ್ಟಿದರೆ ಅವರು 'ಇ' ಕಟ್ಟುತ್ತಾರೆ. ನಮ್ಮ ಚಿಪ್ಪು ಅವರಿಗೆ ಚಿಪ್ಪಿ, ನಮ್ಮ ಟೆಸ್ಟು ಅವರಿಗೆ ಟೆಸ್ಚಿ. ಮೊದಲಲ್ಲಿ ಬರುವ ರಕಾರವನ್ನು ಹಕಾರ ಮಾಡುತ್ತಾರೆ. ಪೌಲೊ ರೆಡ್‌ವುಡ್ ಸಿಟಿ ಅಂದದ್ದನ್ನು ಕೇಳಿ ನಾನು ಮ್ಯಾಪಿನಲ್ಲಿ ಹ ಅಕ್ಷರದ ಊರು ಹುಡುಕಿದ್ದೆ.

ಆದರೆ ಎಲ್ಲವೂ ನಮ್ಮ ಹಾಗೇ ಅಂದುಕೊಂಡರೆ ಕೆಟ್ಟಿರಿ. ಮಧ್ಯಾಹ್ನ ಪಿಜ್ಜಾ ತರಿಸಿದೆವು. ನಾನು ಸಲೀಸಾಗಿ ಕೈಯಲ್ಲಿ ಎತ್ತಿಕೊಂಡೆ. ಅವರಿಬ್ಬರೂ ಸುಮ್ಮನೆ ಕೂತಿದ್ದರು, ಚಾಕು ಫೋರ್ಕು ಬರಲಿ ಅಂತ. ತಿನ್ನುವ ಪದಾರ್ಥಕ್ಕೆ ಬೆರಳು ಮುಟ್ಟಿಸುವುದು ಅವರಿಗೆ ಸುತರಾಂ ಆಗದು. ಮುಟ್ಟಲೇಬೇಕಾದರೆ ನಡುವೆ ಪೇಪರ್ ನ್ಯಾಪ್ಕಿನ್. ಐದು ಬೆರಳೂ ಟೊಮ್ಯಾಟೊ ಮಾಡಿಕೊಂಡ ನನ್ನನ್ನು ತೆರೇಜಾ ಮಗುವನ್ನು ನೋಡುವ ಹಾಗೆ ಮರುಕದಿಂದ ನೋಡಿದರು.

ಮೊದಲ ಮೂರು ದಿನ ಮೆಷಿನ್ನು ನೋಡಿದರು, ಮೆಚ್ಚಿದರು. ನಾಲ್ಕನೇ ದಿನ, ಶುಕ್ರವಾರ, ಕರಾರಿಗೆ ಸಹಿ. ವಾಲ್ಟರ್ ಆ ದಿನ ರಾಬರ್ಟನನ್ನು ಕರೆದುಕೊಂಡು ಬಂದ. ರಾಬರ್ಟ್ ನಮ್ಮ ಕಂಪನಿಯ ವಕೀಲ. ಬೂದು ಸೂಟು, ಬೂದು ಟೈ, ಸ್ವರವೂ ಬೂದು. ಕೂತವನೇ ಕರಾರನ್ನು ತೆಗೆದು, ತಕರಾರು ಬಂದರೆ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ತೀರ್ಮಾನ ಅನ್ನುವ ಭಾಗದಿಂದ ಓದತೊಡಗಿದ. ವಾಲ್ಟರನಿಗೆ ಇದು ಮಾಮೂಲಿ. ತೆರೇಜಾ ಕನ್ನಡಕ ತೆಗೆದು ಎದೆಯ ಮೇಲೆ ಇಳಿಬಿಟ್ಟರು.

"ದೊತೋರ್ ವಾಲ್ತೆರ್, ನಾವಿನ್ನೂ ಮೊದಲ ಜಗಳ ಆಡಿಲ್ಲ. ನೀವು ಆಗಲೇ ಕೋರ್ಟು ಗೊತ್ತು ಮಾಡಿದ್ದೀರಿ."

"ಇದು ಬರೀ ಪದ್ಧತಿ" ಅಂದ ವಾಲ್ಟರ್.

"ಮೂರು ದಿನ ನಾವು ನಾವೇ ಮಾತಾಡಿದೆವು. ಈಗ ನನ್ನ ಮೇಲೆ ಅನುಮಾನ ಬಂತಾ?"

"ಅನುಮಾನ ಅಲ್ಲ. ಎಲ್ಲರ ಜೊತೆಗೂ ಹೀಗೇ."

"ಎಲ್ಲರ ಜೊತೆಗೂ!" ಅಂದರು ತೆರೇಜಾ. ಅದೇ ಅವರನ್ನು ಹೆಚ್ಚು ಚುಚ್ಚಿದ್ದು.

ಹೆಣ್ಣು ನೋಡಲು ಹೋದವರು ವಿಚ್ಛೇದನದ ವಕೀಲನನ್ನು ಜೊತೆಗೆ ಕೂರಿಸಿಕೊಂಡು ಹೋದರೆ ಬೀಗರು ಏನಂದಾರು? ನನಗೆ ಅರ್ಥವಾಯಿತು, ಆದರೆ ವಾಲ್ಟರನಿಗೆ ಯಾವ ಇಂಗ್ಲಿಷಿನಲ್ಲಿ ಹೇಳಲಿ? ರಾಬರ್ಟ್ ತಲೆಯೆತ್ತದೆ ಮುಂದಿನ ಪುಟ ತಿರುಗಿಸಿದ. ತೆರೇಜಾ ಎದ್ದು, ಇನ್ನೊಮ್ಮೆ ಯೋಚಿಸುತ್ತೇವೆ ಅಂದರು. ಭಾನುವಾರ ಅವರ ವಿಮಾನ. ಗಾಜಿನ ಗೋಡೆಯ ಆಚೆ ಅಸೆಂಬ್ಲಿ ಲೈನಿನ ಹೆಂಗಸರು ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ನಾನು ಬಾಗಿಲ ತನಕ ಓಡಿ, "ದೋನ ತೆರೇಜಾ, ನಾಳೆ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬನ್ನಿ" ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಬೀಗರು ಮುನಿಸಿಕೊಂಡು ಹೊರಟರೆ ನಮ್ಮ ಕಡೆ ಮಾಡುವುದೇ ಅದು ತಾನೆ? ಅವರು ಒಂದು ಕ್ಷಣ ನನ್ನನ್ನು ನೋಡಿ, "ಬರುತ್ತೇವೆ" ಅಂದರು.

ವಾಲ್ಟರನನ್ನೂ ಕರೆದೆ. ಅವನು ಕ್ಯಾಲೆಂಡರು ತೆಗೆದು, "ಎಷ್ಟು ಗಂಟೆಗೆ ಮೀಟಿಂಗು?" ಅಂದ.

ಗಂಡ ಆ ವಾರ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು, ಅಪಾರ್ಟ್‌ಮೆಂಟಿನಲ್ಲಿ ನನ್ನ ಜೊತೆ ಮಂಡ್ಯದಿಂದ ಬಂದ ಅತ್ತೆ ಇದ್ದರು. ಬಟ್ಟೆಗಿಂತ ಜಾಸ್ತಿ ರಾಗಿ ಹಿಟ್ಟು ಹೊತ್ತು ತಂದಿದ್ದ ಧೀರೆ. ವಿಷಯ ಹೇಳಿದೆ. "ಬರ್ಲಿ ಬುಡು. ಮುದ್ದೆ, ಕೋಳಿ ಸಾರು, ಅಲಸಂದೆ ಉಪ್ಸಾರು ಮಾಡ್ತೀನಿ. ಉಂಡ ಮನೆಗೆ ಯಾರೂ ಮುನಿಸ್ಕೊಳಲ್ಲ" ಅಂದರು.

ಹನ್ನೆರಡಕ್ಕೆ ಊಟ ಅಂದಿದ್ದೆ. ವಾಲ್ಟರ್ ಮೊದಲೇ ಬಂದು, ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಗಡಿಯಾರ ನೋಡುತ್ತ ಕೂತಿದ್ದ. ಸರಿಯಾಗಿ ಹನ್ನೆರಡಕ್ಕೆ ಬೆಲ್ಲು. ಬಾಗಿಲು ತೆಗೆದರೆ ಪಕ್ಕದಲ್ಲಿ ರಾಬರ್ಟ್, ಕೈಯಲ್ಲಿ ಬ್ರೀಫ್‌ಕೇಸು! ಮೀಟಿಂಗು ಅಂದುಕೊಂಡು ಕರೆದುಕೊಂಡು ಬಂದಿದ್ದಾನೆ ಪುಣ್ಯಾತ್ಮ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು, "ಇದ್ಯಾಕಯ್ಯ ಉಣ್ಣಕ್ಕೆ ಬರೋವಾಗ ಪೆಟ್ಗೆ?" ಅಂತ ಬ್ರೀಫ್‌ಕೇಸನ್ನು ಕಿತ್ತುಕೊಂಡು ಚಪ್ಪಲಿಗಳ ಪಕ್ಕ ಇಟ್ಟರು. ರಾಬರ್ಟನಿಗೆ ಭಾಷೆ ತಿಳಿಯದಿದ್ದರೂ ತೀರ್ಪು ತಿಳಿಯಿತು. ಶೂ ಬಿಚ್ಚಿ ಒಳಗೆ ಬಂದು ಕಿಟಕಿಯ ಪಕ್ಕ ಮಡಚುವ ಕುರ್ಚಿಯಲ್ಲಿ ಒಬ್ಬನೇ ಕೂತ.

ಬ್ರೆಜಿಲಿನವರು ಒಂದೂವರೆಯಾದರೂ ಇಲ್ಲ. "ಬರುವುದಿಲ್ಲ ಅನ್ನಿಸುತ್ತೆ" ಅಂದ ವಾಲ್ಟರ್. ಅವನ ಮುಖ ನೋಡಿ ನನಗೆ ಮೊದಲ ಸಲ ಅಯ್ಯೋ ಅನ್ನಿಸಿತು. ಬೆಂಚುಗಳ ಚಿಂತೆ ಅವನಿಗೂ ಇತ್ತು. ಅಷ್ಟರಲ್ಲಿ ಬೆಲ್ಲಾಯಿತು. ತೆರೇಜಾ ಹೂವಿನ ಗುಚ್ಛ ಹಿಡಿದಿದ್ದರು, ಪೌಲೊ ಒಂದು ರಟ್ಟಿನ ಡಬ್ಬಿ. ಕಚೇರಿಗೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದವರು ಮನೆಗೆ ಮಾತ್ರ ಬೇಕೆಂದೇ ತಡ. ಹೇಳಿದ ಹೊತ್ತಿಗೆ ಹೋದರೆ ಮನೆಯವಳು ಇನ್ನೂ ಸ್ನಾನ ಮಾಡುತ್ತಿರುತ್ತಾಳೆ ಅನ್ನುವುದು ಅವರ ಲೆಕ್ಕವಂತೆ. ಪೌಲೊ ಸೀದಾ ಬಂದು ಅತ್ತೆಯ ಕೆನ್ನೆಗೆ ಕೆನ್ನೆ ತಾಗಿಸಿದ. ಅತ್ತೆ ಕಲ್ಲಾದರು. ಆಮೇಲೆ ಸೆರಗಿನಿಂದ ಕೆನ್ನೆ ಒರೆಸಿಕೊಂಡು, "ನಿಮ್ಮ ಮಾವನೂ ಹಿಂಗೆ ಮಾಡಿರ್ಲಿಲ್ಲ ಕಣೆ" ಅಂತ ನನ್ನ ಕಿವಿಯಲ್ಲಿ ಅಂದರು. ಕೋಪವಿದ್ದ ಹಾಗೆ ಕಾಣಲಿಲ್ಲ.

ಊಟಕ್ಕೆ ಕೂತೆವು. ಅಲಸಂದೆ ಮತ್ತು ಅನ್ನ ಕಂಡು ಇಬ್ಬರಿಗೂ ಕಣ್ಣು ಅರಳಿತು. ಅವರ ಮನೆಗಳಲ್ಲೂ ದಿನಾ ಕಾಳು, ಅನ್ನ. ಆದರೆ ತೆರೇಜಾ ಮುದ್ದೆಯನ್ನು ಚಾಕುವಿನಿಂದ ಕೇಕಿನ ಹಾಗೆ ಕತ್ತರಿಸಿ, ಫೋರ್ಕಿಗೆ ಚುಚ್ಚಿ, ಜಗಿಯತೊಡಗಿದರು.

"ಅಯ್ಯೋ ನಮ್ಮಪ್ಪ! ಮುದ್ದೆಗೆ ಚಾಕು ಹಾಕ್ತಾವ್ಳಲ್ಲ!" ಅಂತ ಅತ್ತೆ ಎದೆ ಹಿಡಿದುಕೊಂಡರು. "ಅಗೀಬಾರ್ದು ಕಣವ್ವ, ನುಂಗು, ನುಂಗು!"

ತೆರೇಜಾ ಏನಂತೆ ಅಂತ ಕೇಳಿದರು. ಹೇಳಿದೆ. ಪ್ರಯತ್ನಪಟ್ಟು ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಬೆರಳೆತ್ತಿ ಭೇಷ್ ಅಂದರು. ಅತ್ತೆಗೆ ಅಷ್ಟು ಸಾಕಾಯಿತು. ಪಕ್ಕ ಹೋಗಿ ಕೂತು ಕೈ ಹಿಡಿದು, "ಎಷ್ಟ್ ವರ್ಸ ಆಯ್ತವ್ವ ನಿಂಗೆ?" ಅಂದರು.

ಆಫೀಸಿನ ನೀತಿಯಲ್ಲಿ ಇದು ಮಹಾಪರಾಧ. ನಾನು ಅನುವಾದ ಮಾಡದೆ ಕೂತೆ. "ಕೇಳೆ!" ಅಂತ ಗದರಿದರು. ಕೇಳಿದೆ. ತೆರೇಜಾ ಗಟ್ಟಿಯಾಗಿ ನಕ್ಕು, "ಐವತ್ತು. ಇವತ್ತಿಗೆ!" ಅಂದರು. ಪೌಲೊ ಡಬ್ಬಿ ಬಿಚ್ಚಿದ. ಒಳಗೆ ಕೇಕು. ಬೆಳಗಿನಿಂದ ಮಿಲ್ಪಿಟಾಸಿನ ಗ್ರೋಸರಿಗಳನ್ನೆಲ್ಲ ಸುತ್ತಿ ಆರಿಸಿದ್ದನಂತೆ. ಹುಟ್ಟುಹಬ್ಬಕ್ಕೆ ಮನೆಯಿಂದ ದೂರ, ಕೈಯಲ್ಲಿ ಮುರಿದುಬಿದ್ದ ವ್ಯವಹಾರ. ಹಿಂದಿನ ದಿನದ ಆ ನೋವು ಎಲ್ಲಿಂದ ಬಂದಿತ್ತು ಅಂತ ಆಗ ಸ್ವಲ್ಪ ಅರ್ಥವಾಯಿತು.

ಮೇಣದಬತ್ತಿ ಊದಿದಾಗ ಅತ್ತೆ "ಒಳ್ಳೇ ದಿನ ದೀಪ ಆರಿಸ್ತಾರಾ?" ಅಂತ ಗೊಣಗಿದರು. ಚಪ್ಪಾಳೆ ಹೊಡೆದು ಹಾಡಿದೆವು. ತೆರೇಜಾ ಮೊದಲ ತುಂಡು ಕತ್ತರಿಸಿ ತಟ್ಟೆಗೆ ಹಾಕಿದರು. ಪೌಲೊ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ವಿವರಿಸಿದ: ಅವರಲ್ಲಿ ಮೊದಲ ತುಂಡನ್ನು ಹುಟ್ಟುಹಬ್ಬದವರು ತಿನ್ನುವುದಿಲ್ಲ. ಅಲ್ಲಿರುವವರಲ್ಲಿ ತಮಗೆ ತೀರ ಬೇಕಾದವರಿಗೆ ಕೊಡುತ್ತಾರೆ.

ವಾಲ್ಟರ್ ಟೈ ಸರಿಮಾಡಿಕೊಂಡ. ಸುಳ್ಳು ಯಾಕೆ, ನಾನೂ ಸ್ವಲ್ಪ ನೆಟ್ಟಗೆ ಕೂತೆ. ಅತ್ತೆ ಆಗಲೇ ಕೈ ಚಾಚಿದ್ದರು. ತೆರೇಜಾ ಎಲ್ಲರನ್ನೂ ದಾಟಿ ಕಿಟಕಿಯ ಹತ್ತಿರ ಹೋಗಿ ನಿಂತರು.

"ಇದು ದೊತೋರ್ ಹೊಬೆರ್ಚಿಗೆ" ಅಂದರು. "ಉಳಿದವರೆಲ್ಲ ಆಗಲೇ ನನ್ನ ಸ್ನೇಹಿತರು. ಇವರೊಬ್ಬರೇ ಬಾಕಿ."

ರಾಬರ್ಟ್ ತಟ್ಟೆ ತೆಗೆದುಕೊಂಡ. ಕಿವಿ ಕೆಂಪಾಗಿತ್ತು. ಒಂದು ಚೂರು ತಿಂದ. ಆಮೇಲೆ, "ಹೆಂಡತಿ ತೀರಿಕೊಂಡ ಮೇಲೆ ನಾನು ಯಾರ ಮನೆಯಲ್ಲೂ ಊಟಕ್ಕೆ ಕೂತಿರಲಿಲ್ಲ" ಅಂದ. ಎಷ್ಟೋ ವರ್ಷದಿಂದ ಅವನನ್ನು ಬಲ್ಲ ವಾಲ್ಟರನಿಗೆ ಅವನ ಹೆಂಡತಿ ತೀರಿಕೊಂಡದ್ದೇ ಗೊತ್ತಿರಲಿಲ್ಲ! ವಾಲ್ಟರ್ ಎದ್ದು ಹೋಗಿ ಅವನ ಪಕ್ಕ ಕೂತ.

ಕೇಕು ಮುಗಿಸಿ ರಾಬರ್ಟ್ ತೆರೇಜಾರನ್ನು ಕೇಳಿದ, "ನಿಜವಾಗಲೂ ತಕರಾರು ಬಂದರೆ ನೀವೇನು ಮಾಡುತ್ತೀರಿ?"

"ವಾಲ್ತೆರ್‌ಗೆ ಫೋನು ಮಾಡುತ್ತೇನೆ. ಕೂಗಾಡುತ್ತೇನೆ. ಅವರೂ ಕೂಗಾಡಲಿ. ಆಮೇಲೆ ಎದುರು ಬದುರು ಕೂತು ಊಟ ಮಾಡುತ್ತೇವೆ."

"ಅದನ್ನು ಬರೆಯಬಹುದು" ಅಂದ ರಾಬರ್ಟ್.

ಬ್ರೆಜಿಲಿನವರು ಭಾನುವಾರದ ಪ್ರಯಾಣ ಮುಂದಕ್ಕೆ ಹಾಕಿದರು. ಸೋಮವಾರ ಹೊಸ ಕರಾರು ಬಂತು. ಯಾವ ತಕರಾರೇ ಬರಲಿ, ಕೋರ್ಟಿಗೆ ಹೋಗುವ ಮೊದಲು ಇಬ್ಬರು ಮುಖ್ಯಸ್ಥರೂ ಖುದ್ದಾಗಿ ಭೇಟಿಯಾಗಬೇಕು, ಸಾಮಾನು ಕೊಟ್ಟವರು ಕೊಂಡವರ ಊರಿಗೆ ಹೋಗಬೇಕು. ಕೋರ್ಟಿನ ಮಾತು ಹೋಗಲಿಲ್ಲ, ಕೊನೆಯ ಪುಟಕ್ಕೆ ಸರಿಯಿತು. ವಕೀಲ ವಕೀಲನೇ. ತೆರೇಜಾ ಸಹಿ ಹಾಕಿದರು. ನಾನು ಗಾಜಿನ ಆಚೆ ನೋಡಿ ತಲೆಯಾಡಿಸಿದೆ. ಬೆಂಚಿನ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಅದಾದ ಮೇಲೆ ಟೆಲೆಕ್ಸು ಹೋಗಿ ಫ್ಯಾಕ್ಸು ಬಂತು. ಪೌಲೊ ಸರ್ಕ್ಯೂಟಿನ ಚಿತ್ರದ ಹಿಂದೆಯೇ ತನ್ನ ಮಗಳು ಬರೆದ ಆನೆಯ ಚಿತ್ರ ಕಳಿಸುತ್ತಿದ್ದ. ವಾಲ್ಟರ್ ಮೊದಮೊದಲು ಆನೆಯಲ್ಲಿ ರೆಸಿಸ್ಟರು ಹುಡುಕುತ್ತಿದ್ದ.

ತಕರಾರು ಬಂದೇ ಬಂತು. ಎರಡು ಮೆಷಿನ್ನು ಮತ್ತೆ ಮತ್ತೆ ಕೆಡುತ್ತಿದ್ದವು. ತೆರೇಜಾ ಫೋನಿನಲ್ಲಿ ಕೂಗಾಡಿದ್ದು ಸ್ಪೀಕರ್ ಇಲ್ಲದೆ ನನಗೆ ಕೇಳಿಸಿತು. ಕರಾರಿನಂತೆ ವಾಲ್ಟರ್ ಹೊರಟ. ರಾಬರ್ಟ್ ತಾನೂ ಬರುತ್ತೇನೆ ಅಂದ. ಕಾನೂನಿನ ಪ್ರಕಾರ ಅವನ ಅಗತ್ಯವಿರಲಿಲ್ಲ, ಯಾರೂ ಕೇಳಲೂ ಇಲ್ಲ. ಮೂರೇ ದಿನದಲ್ಲಿ ವಾಪಸ್ಸು ಬರಬೇಕಿದ್ದವರು ವಾರವಾದರೂ ಪತ್ತೆಯಿಲ್ಲ. ಗಾಬರಿಯಾಗಿ ಮನೆಯಿಂದಲೇ ಫೋನು ಮಾಡಿದೆ. ಹಿಂದೆ ಭಾರಿ ಗದ್ದಲ.

"ಮೆಷಿನ್ನು ಏನಾಯ್ತು?" ಅಂದೆ.

"ಅದು ಮೊದಲನೇ ದಿನವೇ ಸರಿಹೋಯಿತು" ಅಂದ ವಾಲ್ಟರ್. "ಇಲ್ಲಿ ಒಂದೊಂದು ಕಡೆ ಒಂದೊಂದು ವೋಲ್ಟೇಜು. ಬೇರೆ ಟ್ರಾನ್ಸ್‌ಫಾರ್ಮರು ಹಾಕಿದೆವು."

"ಮತ್ತೆ ಯಾಕೆ ಬಂದಿಲ್ಲ?"

"ಶನಿವಾರ ತೆರೇಜಾ ಮಗಳ ಮದುವೆ. ಬಿಡುತ್ತಾ ಇಲ್ಲ. ಇರು, ರಾಬರ್ಟ್ ಏನೋ ಕೇಳಬೇಕಂತೆ."

ರಾಬರ್ಟ್ ಫೋನು ತೆಗೆದುಕೊಂಡು ದನಿ ತಗ್ಗಿಸಿದ. "ಸುಮಿತ್ರಾ, ಮದುಮಗಳಿಗೆ ಮನೆಯವರು ಏನು ಉಡುಗೊರೆ ಕೊಡುತ್ತಾರೆ? ಅತಿಥಿಗಳಲ್ಲ, ಮನೆಯವರು. ನಿಮ್ಮ ಅತ್ತೆಯನ್ನು ಕೇಳಿ ಹೇಳುತ್ತೀರಾ? ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರಂತೆ."

ಆ ಸಲವೂ ಮಂಡ್ಯದಿಂದ ಬಂದಿದ್ದ ಅತ್ತೆಗೆ ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅಡಿಗೆಮನೆಯಿಂದಲೇ ಕೂಗಿದರು, "ಬೆಳ್ಳಿದೇನಾದ್ರೂ ಕೊಡಕ್ಕೇಳು. ಅವಯ್ಯಂಗೆ ಹೇಳು, ಬರಿಗೈಲಿ ಹೋಗ್ಬ್ಯಾಡ, ನಮ್ಮನೆ ಮಾನ ಹೋಯ್ತದೆ!"